ಋತುಬಂಧ ಮತ್ತು ಹಾರ್ಮೋನ್ ಚಿಕಿತ್ಸೆ: ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ

ಗ್ರಾಮ ಪಂಚಾಯಿತಿಯ ಆರೋಗ್ಯ ಚರ್ಚೆಗಳಲ್ಲಿ ಗರ್ಭಿಣಿಯರ ಆರೈಕೆ, ಮಕ್ಕಳ ಲಸಿಕೆ, ಡೆಂಗಿ ನಿಯಂತ್ರಣ, ಕುಡಿಯುವ ನೀರಿನ ಪರೀಕ್ಷೆ ಮೊದಲಾದ ವಿಷಯಗಳು ನಿಯಮಿತವಾಗಿ ಬರುತ್ತವೆ. ಹೆರಿಗೆಯ ವಯಸ್ಸು ದಾಟಿದ ಮಹಿಳೆಯ ಆರೋಗ್ಯವು ಚರ್ಚೆಗೆ ಬರುವುದು ಅಪರೂಪ. ತಾಯಿ ಕಾರ್ಡಿನ ಅಗತ್ಯ ಮುಗಿದ ದಿನದಿಂದ ವೃದ್ಧಾಪ್ಯ ವೇತನದ ಅರ್ಜಿ ಬರೆಯುವ ದಿನದವರೆಗೆ, ರಕ್ತದೊತ್ತಡ ಮತ್ತು ಸಕ್ಕರೆ ತಪಾಸಣೆಯನ್ನು ಬಿಟ್ಟರೆ, ಆಕೆ ಆರೋಗ್ಯದ ವಹಿಗಳಲ್ಲಿ ಬಹುಮಟ್ಟಿಗೆ ಕಾಣಿಸಿಕೊಳ್ಳುವುದೇ ಇಲ್ಲ. ಆಕೆಯ ಶರೀರದಲ್ಲಿ ದೊಡ್ಡ ಬದಲಾವಣೆಯೊಂದು ನಡೆಯುವುದು ಈ ಅವಧಿಯಲ್ಲಿಯೇ. ಅದು ಋತುಬಂಧ, ಆಡುಮಾತಿನಲ್ಲಿ ಮುಟ್ಟು ನಿಲ್ಲುವುದು.

ಋತುಬಂಧವು ಕಾಯಿಲೆಯಲ್ಲ. ಆದರೆ ಅದರ ತೊಂದರೆಗಳಿಗೆ ಚಿಕಿತ್ಸೆಯಿದೆ. ಆ ಚಿಕಿತ್ಸೆಗಳಲ್ಲಿ ಮುಖ್ಯವಾದುದು ಹಾರ್ಮೋನ್ ಚಿಕಿತ್ಸೆ. ಅದರ ಬಗ್ಗೆ ಗ್ರಾಮಗಳಲ್ಲಿ ಎರಡು ಬಗೆಯ ತಪ್ಪು ತಿಳಿವಳಿಕೆಗಳಿವೆ. ಹಾರ್ಮೋನ್ ಮಾತ್ರೆ ಎಂದೊಡನೆ ಕ್ಯಾನ್ಸರ್ ಎಂದು ಹೆದರುವುದು ಒಂದು. ಅಂಥ ಚಿಕಿತ್ಸೆಯೊಂದಿದೆ ಎಂಬುದೇ ತಿಳಿಯದೆ, ಗರ್ಭಕೋಶ ತೆಗೆಸಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ನಂಬುವುದು ಇನ್ನೊಂದು. ಎರಡನೆಯದರಿಂದ ಆಗಿರುವ ಹಾನಿ ಮೊದಲನೆಯದಕ್ಕಿಂತ ಹೆಚ್ಚು.

ಋತುಬಂಧವೆಂದರೇನು

ಸತತ ಹನ್ನೆರಡು ತಿಂಗಳು ಮುಟ್ಟಾಗದೆ, ಅದಕ್ಕೆ ಬಸಿರು, ಔಷಧ ಅಥವಾ ಬೇರೆ ರೋಗ ಕಾರಣವಲ್ಲದಿದ್ದರೆ ಅದನ್ನು ಋತುಬಂಧವೆಂದು ವೈದ್ಯರು ಪರಿಗಣಿಸುತ್ತಾರೆ. ಭಾರತದ ಮಹಿಳೆಯರಲ್ಲಿ ಇದು ಸರಾಸರಿ 46ರಿಂದ 47ನೆಯ ವಯಸ್ಸಿನಲ್ಲಿ ಆಗುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಸರಾಸರಿ ವಯಸ್ಸು ಸುಮಾರು 51. 45 ವರ್ಷಕ್ಕೆ ಮೊದಲು ಆದರೆ ಅದು ಬೇಗನೆ ಆದ ಋತುಬಂಧ. 40ಕ್ಕೆ ಮೊದಲು ಆದರೆ ಅಕಾಲಿಕ ಋತುಬಂಧ. ಈ ಎರಡು ಅಂಕಿಗಳನ್ನು ಸದಸ್ಯರು ನೆನಪಿನಲ್ಲಿಡಬೇಕು. ಮುಂದೆ ಬರುವ ವಿಷಯದ ಬಹುಪಾಲು ಇವುಗಳ ಮೇಲೆ ನಿಂತಿದೆ.

ಅಂಡಾಶಯವು ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಎಂಬ ಎರಡು ಹಾರ್ಮೋನುಗಳನ್ನು ಉತ್ಪಾದಿಸುತ್ತದೆ. ವಯಸ್ಸಾದಂತೆ ಈ ಉತ್ಪಾದನೆ ಕುಗ್ಗುತ್ತದೆ. ಕೊಳವೆಬಾವಿಯಲ್ಲಿ ನೀರು ಕಡಿಮೆಯಾದಾಗ ನೀರುಗಂಟಿಯು ಮೋಟಾರನ್ನು ಮತ್ತಷ್ಟು ಹೊತ್ತು ಓಡಿಸುವಂತೆ, ಮೆದುಳು ಅಂಡಾಶಯಕ್ಕೆ ಇನ್ನಷ್ಟು ಬಲವಾದ ಸೂಚನೆಗಳನ್ನು ಕಳುಹಿಸುತ್ತದೆ. ಕೆಲವು ತಿಂಗಳು ನೀರು ಬರುತ್ತದೆ, ಕೆಲವು ತಿಂಗಳು ಬರುವುದಿಲ್ಲ. ಮುಟ್ಟು ಏರುಪೇರಾಗುವ ಈ ಕಾಲವು ನಾಲ್ಕೈದು ವರ್ಷ ಇರಬಹುದು. ಈ ಅವಧಿಯಲ್ಲಿ ಬಸಿರಾಗುವ ಸಾಧ್ಯತೆ ಪೂರ್ತಿಯಾಗಿ ಹೋಗಿರುವುದಿಲ್ಲವೆಂಬುದನ್ನೂ ಗಮನಿಸಬೇಕು.

ಲಕ್ಷಣಗಳಲ್ಲಿ ಹೆಚ್ಚು ಕಾಣುವುದು ಮೈ ಇದ್ದಕ್ಕಿದ್ದಂತೆ ಬಿಸಿಯೇರಿ, ಮುಖ ಕೆಂಪಾಗಿ, ಬೆವರು ಹರಿಯುವುದು. ಶರೀರದ ಉಷ್ಣತೆಯನ್ನು ಹದದಲ್ಲಿಡುವ ಮೆದುಳಿನ ಭಾಗವು ಈಸ್ಟ್ರೋಜನ್ ಇಳಿದಾಗ ಅತಿ ಸೂಕ್ಷ್ಮವಾಗುತ್ತದೆ. ಉಷ್ಣತೆ ಸ್ವಲ್ಪ ಏರಿದರೂ ಅದು ದೇಹವನ್ನು ತಂಪು ಮಾಡಲು ಹೊರಡುತ್ತದೆ. ರಾತ್ರಿ ಇದು ಎರಡು ಮೂರು ಬಾರಿಯಾದರೆ ನಿದ್ರೆ ಕೆಡುತ್ತದೆ. ನಿದ್ರೆ ಕೆಟ್ಟವರಿಗೆ ಸಿಡುಕು, ಮರೆವು, ಎದೆಬಡಿತ ಬರುವುದು ಸಹಜ. ಮನೆಯವರು ಇದನ್ನು ‘ಗಾಳಿ ಸೋಕಿದೆ’, ‘ಕೋಪ ಜಾಸ್ತಿಯಾಗಿದೆ’ ಎಂದು ಅರ್ಥೈಸುವುದುಂಟು. ಈ ಬಿಸಿಯೇರಿಕೆ ಹಲವರಲ್ಲಿ ಏಳು ವರ್ಷಗಳವರೆಗೂ ಮುಂದುವರಿಯುತ್ತದೆ. ಉದ್ಯೋಗ ಖಾತರಿ ಕಾಮಗಾರಿಯಲ್ಲಿ ಏಪ್ರಿಲ್ ಬಿಸಿಲಿಗೆ ಮಣ್ಣು ಹೊರುವ 47 ವರ್ಷದ ಮಹಿಳೆಗೆ ಅದು ಏನೆಂಬುದನ್ನು ಕಾಯಕ ಬಂಧುಗಳು ತಿಳಿದಿರಬೇಕು. ಸ್ಥಳದಲ್ಲಿ ನೆರಳು ಮತ್ತು ನೀರಿನ ವ್ಯವಸ್ಥೆ ಕಡ್ಡಾಯವಾಗಿರುವುದು ಇಂಥವರಿಗಾಗಿಯೂ ಹೌದು.

ಹೇಳಿಕೊಳ್ಳಲಾಗದ ಲಕ್ಷಣಗಳೂ ಇವೆ. ಯೋನಿ ಒಣಗುವುದು, ಉರಿ, ದಾಂಪತ್ಯದಲ್ಲಿ ನೋವು, ಪದೇ ಪದೇ ಮೂತ್ರದ ಸೋಂಕು. ಬಿಸಿಯೇರಿಕೆಯು ಕಾಲಕ್ರಮದಲ್ಲಿ ತಗ್ಗುತ್ತದೆ. ಇವು ಚಿಕಿತ್ಸೆಯಿಲ್ಲದೆ ತಗ್ಗುವುದಿಲ್ಲ, ಹೆಚ್ಚುತ್ತವೆ. ಇನ್ನು ಮೂಳೆಯ ವಿಷಯ. ಮೂಳೆಯ ಸಾಂದ್ರತೆಯನ್ನು ಕಾಯುವುದರಲ್ಲಿ ಈಸ್ಟ್ರೋಜನ್ ಪಾತ್ರ ದೊಡ್ಡದು. ಮುಟ್ಟು ನಿಂತ ಮೊದಲ ಐದಾರು ವರ್ಷಗಳಲ್ಲಿ ಮೂಳೆಯ ಸವೆತ ವೇಗವಾಗಿರುತ್ತದೆ, ಯಾವ ನೋವೂ ಇಲ್ಲದೆ. ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದ ದಿನವೇ ಅದು ಮನೆಯವರ ಅರಿವಿಗೆ ಬರುವುದು.

ನಾಗರಭಾವಿಯ ಅಧ್ಯಯನ

ಈ ವಿಷಯವು ನಗರದ ಅನುಕೂಲವಂತ ಮಹಿಳೆಯರದು ಎಂಬ ಭಾವನೆ ಸದಸ್ಯರಲ್ಲಿ ಇರುವುದುಂಟು. ಅದನ್ನು ಅಲ್ಲಗಳೆಯುವ ಕೆಲಸವು ಬೆಂಗಳೂರಿನ ಪಶ್ಚಿಮ ಭಾಗದಲ್ಲಿಯೇ ನಡೆದಿದೆ. ಅನ್ನಪೂರ್ಣೇಶ್ವರಿ ನಗರಕ್ಕೆ ಸಮೀಪದ ನಾಗರಭಾವಿಯಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯಿದೆ. ಅರ್ಥಶಾಸ್ತ್ರಜ್ಞ ಡಾ. ವಿ. ಕೆ. ಆರ್. ವಿ. ರಾವ್ ಅವರು 1972ರಲ್ಲಿ ಸ್ಥಾಪಿಸಿದ ಈ ಸಂಸ್ಥೆಯನ್ನು ಪಂಚಾಯತ್ ರಾಜ್ ವ್ಯವಸ್ಥೆಯವರು ವಿಕೇಂದ್ರೀಕರಣದ ಅಧ್ಯಯನಗಳಿಗಾಗಿ ಬಲ್ಲರು. ಅಲ್ಲಿ ಜನಸಂಖ್ಯಾ ಸಂಶೋಧನಾ ಕೇಂದ್ರವೂ ಇದೆ.

ಆ ಕೇಂದ್ರದ ಟಿ. ಎಸ್. ಶ್ಯಾಮಲಾ ಅವರು ಎಂ. ಶಿವಕಾಮಿ ಅವರೊಡನೆ 1998–99ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಅಂಶಗಳನ್ನು ವಿಶ್ಲೇಷಿಸಿ, 2005ರ ನವೆಂಬರ್‌ನಲ್ಲಿ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ಪ್ರಬಂಧವನ್ನು ಪ್ರಕಟಿಸಿದರು. ಅದರಂತೆ ದೇಶದಲ್ಲಿ 29ರಿಂದ 34 ವರ್ಷದೊಳಗಿನ ಮಹಿಳೆಯರಲ್ಲಿ ಶೇ. 4ರಷ್ಟು, 35ರಿಂದ 39 ವರ್ಷದೊಳಗಿನವರಲ್ಲಿ ಶೇ. 8ರಷ್ಟು ಮಂದಿ ಆಗಲೇ ಋತುಬಂಧದ ಸ್ಥಿತಿಯಲ್ಲಿದ್ದರು. ಓದು ಕಡಿಮೆಯಿದ್ದವರಲ್ಲಿ, ಜೀವನಮಟ್ಟ ಕೆಳಗಿದ್ದವರಲ್ಲಿ, ಹಳ್ಳಿಯವರಲ್ಲಿ ಅದು ಹೆಚ್ಚು. ಪ್ರಪಂಚದ ಇತರೆಡೆ 40ಕ್ಕೆ ಮುಂಚೆ ಸಹಜವಾಗಿ ಮುಟ್ಟು ನಿಲ್ಲುವವರು ನೂರಕ್ಕೆ ಒಬ್ಬರು ಎಂಬುದು ವೈದ್ಯಕೀಯ ಪುಸ್ತಕಗಳಲ್ಲಿ ಬಹುಕಾಲದಿಂದ ಇದ್ದ ಲೆಕ್ಕ. ಆ ಲೆಕ್ಕದ ಪಕ್ಕದಲ್ಲಿ ಎಂಟು ಎಂಬ ಅಂಕಿಯನ್ನು ಇಟ್ಟು ನೋಡಬೇಕು. ಬಡ, ಕೂಲಿ ಮಾಡುವ, ಗ್ರಾಮೀಣ ಮಹಿಳೆಯೇ ಈ ಪ್ರಶ್ನೆಯ ಮಧ್ಯದಲ್ಲಿದ್ದಾಳೆ.

ಹಾರ್ಮೋನ್ ಚಿಕಿತ್ಸೆಯೆಂದರೇನು

ಕಡಿಮೆಯಾದ ಈಸ್ಟ್ರೋಜನ್ನನ್ನು ಹೊರಗಿನಿಂದ ಸಣ್ಣ ಪ್ರಮಾಣದಲ್ಲಿ ಕೊಡುವುದೇ ಈ ಚಿಕಿತ್ಸೆ. ನುಂಗುವ ಮಾತ್ರೆ, ಚರ್ಮಕ್ಕೆ ಅಂಟಿಸುವ ಪಟ್ಟಿ, ತೋಳಿಗೆ ಹಚ್ಚುವ ಜೆಲ್, ಯೋನಿಗೆ ಹಚ್ಚುವ ಮುಲಾಮು ಹೀಗೆ ಹಲವು ರೂಪಗಳಲ್ಲಿ ಅದು ದೊರೆಯುತ್ತದೆ. ಬಿಸಿಯೇರಿಕೆಗೆ ಇದಕ್ಕಿಂತ ಪರಿಣಾಮಕಾರಿಯಾದ ಔಷಧ ಇದುವರೆಗೆ ಇಲ್ಲ. ಮೂಳೆ ಸವೆತವನ್ನೂ ಇದು ತಡೆಯುತ್ತದೆ.

ಗರ್ಭಕೋಶ ಇರುವ ಮಹಿಳೆಗೆ ಈಸ್ಟ್ರೋಜನ್ ಒಂದನ್ನೇ ಕೊಡಬಾರದು. ಅದು ಗರ್ಭಕೋಶದ ಒಳಪದರವನ್ನು ಬೆಳೆಸುತ್ತಲೇ ಹೋಗಿ ಅಲ್ಲಿ ಕ್ಯಾನ್ಸರ್ ಉಂಟುಮಾಡಬಲ್ಲುದು ಎಂಬುದು 1975ರಲ್ಲಿಯೇ ತಿಳಿದಿತ್ತು. ಆ ಪದರವನ್ನು ಹತೋಟಿಯಲ್ಲಿಡಲು ಪ್ರೊಜೆಸ್ಟರಾನ್ ಜೊತೆಗೂಡಬೇಕು. ಗರ್ಭಕೋಶ ತೆಗೆಸಿದವರಿಗೆ ಸಾಮಾನ್ಯವಾಗಿ ಈಸ್ಟ್ರೋಜನ್ ಒಂದೇ ಸಾಕು. ನೆರೆಮನೆಯವಳಿಗೆ ಬರೆದುಕೊಟ್ಟ ಚೀಟಿಯನ್ನು ತೋರಿಸಿ ಮೆಡಿಕಲ್ ಶಾಪಿನಲ್ಲಿ ಅದೇ ಮಾತ್ರೆಯನ್ನು ಕೊಳ್ಳುವುದು ಏಕೆ ಅಪಾಯಕಾರಿ ಎಂಬುದು ಇದರಿಂದ ಸ್ಪಷ್ಟ. ಒಬ್ಬಳಿಗೆ ಗರ್ಭಕೋಶವಿದೆ, ಇನ್ನೊಬ್ಬಳಿಗಿಲ್ಲ. ಔಷಧ ಬೇರೆಯೇ ಆಗುತ್ತದೆ.

ಇನ್ನೊಂದು ಗೊಂದಲವನ್ನೂ ಇಲ್ಲಿಯೇ ನಿವಾರಿಸುವುದು ಒಳ್ಳೆಯದು. ಆಶಾ ಕಾರ್ಯಕರ್ತೆಯರು ಹಂಚುವ ಮಾಲಾ–ಎನ್ ಮಾತ್ರೆಯಲ್ಲಿಯೂ ಹಾರ್ಮೋನುಗಳಿವೆ. ಅದು ಸಂತಾನ ನಿಯಂತ್ರಣಕ್ಕೆಂದು ಇರುವುದು; ಅದರಲ್ಲಿನ ಈಸ್ಟ್ರೋಜನ್ ಬಗೆ ಬೇರೆ, ಬಲವೂ ಹೆಚ್ಚು. ಜಾತ್ರೆಗೋ ಮದುವೆಗೋ ಮುಟ್ಟನ್ನು ಮುಂದೂಡಲು ನುಂಗುವ ಮಾತ್ರೆಯೂ ಋತುಬಂಧದ ಚಿಕಿತ್ಸೆಯಲ್ಲ. ಈ ಮೂರನ್ನೂ ‘ಹಾರ್ಮೋನ್ ಮಾತ್ರೆ’ ಎಂಬ ಒಂದೇ ಹೆಸರಿನಿಂದ ಕರೆಯುವುದರಿಂದ ಒಂದರ ಕಹಿ ಅನುಭವ ಇನ್ನೊಂದರ ಮೇಲೆ ಬೀಳುತ್ತದೆ.

ಕ್ಯಾನ್ಸರ್ ಭಯವು ಎಲ್ಲಿಂದ ಬಂತು

ಅಮೆರಿಕದಲ್ಲಿ ‘ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್’ ಎಂಬ ಬೃಹತ್ ಅಧ್ಯಯನ ನಡೆಯಿತು. ಅದರ ಒಂದು ಭಾಗದಲ್ಲಿ ಗರ್ಭಕೋಶವಿದ್ದ 16,608 ಮಹಿಳೆಯರಲ್ಲಿ ಅರ್ಧದಷ್ಟು ಮಂದಿಗೆ ಎರಡು ಹಾರ್ಮೋನುಗಳ ಮಾತ್ರೆಯನ್ನೂ ಉಳಿದವರಿಗೆ ಔಷಧವಿಲ್ಲದ ಮಾತ್ರೆಯನ್ನೂ ಕೊಡಲಾಯಿತು. 2002ರ ಜುಲೈನಲ್ಲಿ, ಸ್ತನ ಕ್ಯಾನ್ಸರ್ ಹೆಚ್ಚಿದ ಕಾರಣ, ಈ ಭಾಗವನ್ನು ಅವಧಿಗೆ ಮುನ್ನ ನಿಲ್ಲಿಸಲಾಯಿತು. ಸ್ತನ ಕ್ಯಾನ್ಸರ್ ಶೇ. 26ರಷ್ಟು ಏರಿತೆಂಬ ಸುದ್ದಿ ಪ್ರಪಂಚವೆಲ್ಲ ಹರಡಿತು. ಲಕ್ಷಾಂತರ ಮಹಿಳೆಯರು ಮಾತ್ರೆ ಬಿಟ್ಟರು. ವೈದ್ಯರು ಬರೆಯುವುದನ್ನು ಬಿಟ್ಟರು.

ಅಂಕಿಗಳನ್ನು ಬಿಡಿಸಿ ನೋಡುವುದು ಪಂಚಾಯಿತಿ ಸದಸ್ಯರಿಗೆ ಹೊಸದಲ್ಲ. ಆಯವ್ಯಯದಲ್ಲಿ ‘ಶೇಕಡ ಇಷ್ಟು ಹೆಚ್ಚಳ’ ಎಂದಾಗ ಮೂಲ ಮೊತ್ತವೆಷ್ಟು ಎಂದು ಕೇಳುವ ರೂಢಿ ಅವರಿಗಿದೆ. ಇಲ್ಲಿಯೂ ಅದನ್ನೇ ಕೇಳಬೇಕು. ಮಾತ್ರೆ ತೆಗೆದುಕೊಳ್ಳದ 10,000 ಮಹಿಳೆಯರಲ್ಲಿ ಒಂದು ವರ್ಷದಲ್ಲಿ 30 ಮಂದಿಗೆ ಸ್ತನ ಕ್ಯಾನ್ಸರ್ ಬಂದಿತ್ತು. ತೆಗೆದುಕೊಂಡವರಲ್ಲಿ 38 ಮಂದಿಗೆ. ಅಂದರೆ ಹತ್ತು ಸಾವಿರಕ್ಕೆ ಎಂಟು ಹೆಚ್ಚು. ಹತ್ತು ಸಾವಿರವೆಂದರೆ ಹಲವು ಗ್ರಾಮ ಪಂಚಾಯಿತಿಗಳ ಆ ವಯೋಮಾನದ ಮಹಿಳೆಯರನ್ನೆಲ್ಲ ಒಟ್ಟುಗೂಡಿಸಿದ ಸಂಖ್ಯೆ. ಪಾರ್ಶ್ವವಾಯು 21ರಿಂದ 29ಕ್ಕೆ, ಹೃದ್ರೋಗ 30ರಿಂದ 37ಕ್ಕೆ, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು 8ರಿಂದ 16ಕ್ಕೆ ಏರಿದವು. ಸೊಂಟದ ಮೂಳೆ ಮುರಿತವು 15ರಿಂದ 10ಕ್ಕೆ, ದೊಡ್ಡ ಕರುಳಿನ ಕ್ಯಾನ್ಸರ್ 16ರಿಂದ 10ಕ್ಕೆ ಇಳಿದವು. ಇವು ಕಡೆಗಣಿಸುವ ಅಂಕಿಗಳಲ್ಲ, ಭೂತಾಕಾರದ ಅಂಕಿಗಳೂ ಅಲ್ಲ.

ಅಧ್ಯಯನಕ್ಕೆ ಸೇರಿದ್ದವರ ವಯಸ್ಸು 50ರಿಂದ 79, ಸರಾಸರಿ 63. ಬಹುಮಂದಿಗೆ ಮುಟ್ಟು ನಿಂತು ಹತ್ತು ವರ್ಷಕ್ಕೂ ಹೆಚ್ಚಾಗಿತ್ತು. ರಕ್ತನಾಳಗಳು ಆಗಲೇ ಗಡುಸಾದ ವಯಸ್ಸಿನಲ್ಲಿ ಔಷಧ ಆರಂಭಿಸಿದ್ದರ ಫಲವನ್ನು 48 ವರ್ಷದವಳಿಗೂ ಅನ್ವಯಿಸಿದ್ದು ಆ ಕಾಲದ ದೊಡ್ಡ ಪ್ರಮಾದ. ಅದೇ ಅಧ್ಯಯನದ ಇನ್ನೊಂದು ಭಾಗದಲ್ಲಿ ಗರ್ಭಕೋಶ ತೆಗೆಸಿದ್ದ 10,739 ಮಹಿಳೆಯರಿದ್ದರು. ಈಸ್ಟ್ರೋಜನ್ ಒಂದನ್ನೇ ಪಡೆದವರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಲಿಲ್ಲ; ಮುಂದಿನ ವರ್ಷಗಳ ಅನುಸರಣೆಯಲ್ಲಿ ಅದು ಕಡಿಮೆಯೇ ಇತ್ತು. ಪಾರ್ಶ್ವವಾಯು ಹೆಚ್ಚಿದ್ದರಿಂದ 2004ರಲ್ಲಿ ಆ ಭಾಗವನ್ನೂ ನಿಲ್ಲಿಸಲಾಯಿತು. ಎರಡೂ ಭಾಗಗಳ ಮಹಿಳೆಯರನ್ನು 18 ವರ್ಷ ಹಿಂಬಾಲಿಸಿ 2017ರಲ್ಲಿ ಪ್ರಕಟಿಸಿದ ವರದಿಯಂತೆ, ಮಾತ್ರೆ ಪಡೆದವರಲ್ಲಿಯೂ ಪಡೆಯದವರಲ್ಲಿಯೂ ಒಟ್ಟು ಸಾವಿನ ಪ್ರಮಾಣದಲ್ಲಿ ವ್ಯತ್ಯಾಸವಿರಲಿಲ್ಲ. 2002ರ ಸುದ್ದಿ ಹಳ್ಳಿಯವರೆಗೆ ಬಂತು, 2017ರದು ಬರಲಿಲ್ಲ.

ಈಗಿನ ವೈದ್ಯಕೀಯ ನಿಲುವು ಹೀಗಿದೆ. 60 ವರ್ಷದೊಳಗೆ ಅಥವಾ ಮುಟ್ಟು ನಿಂತ ಹತ್ತು ವರ್ಷದೊಳಗೆ, ತೊಂದರೆಯ ಲಕ್ಷಣಗಳಿರುವ, ಬೇರೆ ಅಡ್ಡಿಗಳಿಲ್ಲದ ಮಹಿಳೆಗೆ ಈ ಚಿಕಿತ್ಸೆಯ ಲಾಭವು ಅಪಾಯಕ್ಕಿಂತ ಹೆಚ್ಚು. ಅದಾದ ಮೇಲೆ ಹೊಸದಾಗಿ ಆರಂಭಿಸುವುದು ಸಾಮಾನ್ಯವಾಗಿ ಸಲ್ಲದು. ಚರ್ಮದ ಮೂಲಕ ಕೊಡುವ ಪಟ್ಟಿ, ಜೆಲ್‌ಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರೆಗಿಂತ ಕಡಿಮೆ. ಯೋನಿಗೆ ಹಚ್ಚುವ ಮುಲಾಮಿನಿಂದ ರಕ್ತಕ್ಕೆ ಸೇರುವ ಹಾರ್ಮೋನು ಅತ್ಯಲ್ಪ. ಒಣಗುವಿಕೆ, ಮೂತ್ರದ ಸೋಂಕು ಮಾತ್ರವೇ ಇರುವವರಿಗೆ ಅಷ್ಟೇ ಸಾಕಾಗುತ್ತದೆ.

ಅಡ್ಡಿಗಳು ಯಾವುವೆಂದರೆ: ಸ್ತನ ಕ್ಯಾನ್ಸರ್ ಆಗಿರುವವರು, ಹೃದಯಾಘಾತ ಅಥವಾ ಪಾರ್ಶ್ವವಾಯು ಆಗಿರುವವರು, ಕಾಲಿನಲ್ಲಿ ಅಥವಾ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದವರು, ಯಕೃತ್ತಿನ ತೀವ್ರ ಕಾಯಿಲೆಯಿರುವವರು, ಕಾರಣ ತಿಳಿಯದ ರಕ್ತಸ್ರಾವವಿರುವವರು ಇದನ್ನು ತೆಗೆದುಕೊಳ್ಳುವಂತಿಲ್ಲ. ಇಂಥವರಿಗೆ ಬಿಸಿಯೇರಿಕೆಯನ್ನು ತಗ್ಗಿಸುವ, ಹಾರ್ಮೋನು ಅಲ್ಲದ ಬೇರೆ ಔಷಧಗಳಿವೆ. ರಕ್ತದೊತ್ತಡವಿದ್ದರೆ ಮೊದಲು ಅದನ್ನು ಹತೋಟಿಗೆ ತರಬೇಕಾಗುತ್ತದೆ. ಲಕ್ಷಣಗಳು ಸೌಮ್ಯವಾಗಿರುವವರಿಗೆ ಯಾವ ಔಷಧವೂ ಬೇಡ. ಮುಟ್ಟು ನಿಂತವರೆಲ್ಲರೂ ಹಾರ್ಮೋನು ತೆಗೆದುಕೊಳ್ಳಬೇಕೆಂಬ ಪ್ರಚಾರವನ್ನು ಯಾರಾದರೂ ಮಾಡಿದರೆ ಅದನ್ನೂ ನಂಬಬೇಕಾಗಿಲ್ಲ.

ರಾಗಿಯ ವಿಷಯದಲ್ಲಿ ಒಂದು ಮಾತು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ; ಅಕ್ಕಿಯಲ್ಲಿ ಅದರ ಸಣ್ಣ ಪಾಲೂ ಇಲ್ಲ. ಮುದ್ದೆಯನ್ನು ಬಿಟ್ಟು ಮೂರು ಹೊತ್ತೂ ಅನ್ನಕ್ಕೆ ಹೊರಳಿದ ಮನೆಗಳಲ್ಲಿ ಐವತ್ತರ ಮಹಿಳೆ ಕಳೆದುಕೊಳ್ಳುತ್ತಿರುವುದು ಇದು. ಆದರೆ ಈಸ್ಟ್ರೋಜನ್ ಕೊರತೆಯನ್ನು ಮುದ್ದೆಯೊಂದೇ ತುಂಬಲಾರದು.

ಅಕಾಲಿಕ ಋತುಬಂಧ: ಆಯ್ಕೆಗಿಂತ ಹೆಚ್ಚಿನದು

47ನೆಯ ವಯಸ್ಸಿನವಳಿಗೆ ಹಾರ್ಮೋನ್ ಚಿಕಿತ್ಸೆಯು ಒಂದು ಆಯ್ಕೆ. 36ನೆಯ ವಯಸ್ಸಿನಲ್ಲಿ ಅಂಡಾಶಯ ನಿಂತುಹೋದವಳ ಸ್ಥಿತಿ ಬೇರೆ. ಸಹಜವಾಗಿ ಇನ್ನೂ ಹತ್ತು ಹನ್ನೆರಡು ವರ್ಷ ದೊರೆಯಬೇಕಾಗಿದ್ದ ಈಸ್ಟ್ರೋಜನ್ ಆಕೆಗೆ ತಪ್ಪಿಹೋಗಿದೆ. ಮೂಳೆ ಸವೆತ, ಹೃದ್ರೋಗ ಆಕೆಗೆ ಬೇಗನೆ ಬರುತ್ತವೆ. ಅಡ್ಡಿಗಳಿಲ್ಲದಿದ್ದರೆ, ಸಹಜ ಋತುಬಂಧದ ವಯಸ್ಸಿನವರೆಗಾದರೂ ಆಕೆಗೆ ಹಾರ್ಮೋನು ಕೊಡಬೇಕೆಂಬುದು ವೈದ್ಯಕೀಯ ಮಾರ್ಗಸೂಚಿಗಳ ಸ್ಪಷ್ಟ ಸಲಹೆ. ಇದು ಇಲ್ಲದ್ದನ್ನು ಸೇರಿಸುವುದಲ್ಲ, ಇರಬೇಕಾದುದನ್ನು ತುಂಬಿಕೊಡುವುದು. 63 ವರ್ಷದವರ ಅಧ್ಯಯನದ ಅಂಕಿಗಳನ್ನು ತೋರಿಸಿ ಆಕೆಯನ್ನು ಹೆದರಿಸುವುದು ತರವಲ್ಲ.

ಈ ವಯಸ್ಸಿನಲ್ಲಿ ಅಂಡಾಶಯ ಕಳೆದುಕೊಳ್ಳುವವರಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದವರೂ ಇದ್ದಾರೆ. 2015ರಲ್ಲಿ ಕಲಬುರಗಿ ಜಿಲ್ಲೆಯ ಸಂಗತಿ ರಾಜ್ಯದ ಗಮನ ಸೆಳೆಯಿತು. ಲಂಬಾಣಿ ತಾಂಡಾಗಳ, ದಲಿತ ಕೇರಿಗಳ ಮಹಿಳೆಯರು ಹೊಟ್ಟೆನೋವು, ಬಿಳಿಸೆರಗು ಎಂದು ಖಾಸಗಿ ಆಸ್ಪತ್ರೆಗಳಿಗೆ ಹೋದಾಗ, ತೆಗೆಸದಿದ್ದರೆ ಕ್ಯಾನ್ಸರ್ ಆಗುತ್ತದೆಂದು ಹೆದರಿಸಿ ಗರ್ಭಕೋಶವನ್ನು ತೆಗೆದ ಪ್ರಕರಣಗಳು ಹೊರಬಂದವು. ಜನಾರೋಗ್ಯ ಸಂಘಟನೆಗಳ ಹಾಗೂ ಸರ್ಕಾರ ನೇಮಿಸಿದ ಸಮಿತಿಯ ಪರಿಶೀಲನೆಯಲ್ಲಿ ಇಂಥ ಶಸ್ತ್ರಚಿಕಿತ್ಸೆಗಳ ಸಂಖ್ಯೆ ಎರಡು ಸಾವಿರವನ್ನು ಮೀರಿತ್ತು. ಹಲವರು 40 ವರ್ಷವನ್ನೂ ದಾಟಿರಲಿಲ್ಲ. ಬಿಳಿಸೆರಗು ಬಹುತೇಕ ಸೋಂಕಿನಿಂದ ಬರುವುದು, ಮಾತ್ರೆಯಿಂದ ವಾಸಿಯಾಗುವುದು. ಸಾಲ ಮಾಡಿ ಶಸ್ತ್ರಚಿಕಿತ್ಸೆಗೆ ಹಣ ತೆತ್ತು, ಕೂಲಿಗೆ ಹೋಗುವ ಶಕ್ತಿಯನ್ನೂ ಕಳೆದುಕೊಂಡ ಆ ಮಹಿಳೆಯರು ಬೀದಿಗಿಳಿದು ನ್ಯಾಯ ಕೇಳಬೇಕಾಯಿತು.

ದೇಶದ ಚಿತ್ರವೂ ಚಿಂತೆಗೆ ಕಾರಣವಾಗಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ನೂರಕ್ಕೆ ಸುಮಾರು ಮೂವರು ಗರ್ಭಕೋಶ ತೆಗೆಸಿದ್ದರು. ನೆರೆಯ ಆಂಧ್ರಪ್ರದೇಶ, ತೆಲಂಗಾಣಗಳಲ್ಲಿ ಈ ಪ್ರಮಾಣ ನೂರಕ್ಕೆ ಎಂಟು ಒಂಬತ್ತು. ಬಿಹಾರ, ಛತ್ತೀಸಗಢ, ರಾಜಸ್ಥಾನಗಳ ಪ್ರಕರಣಗಳ ಕುರಿತು ಡಾ. ನರೇಂದ್ರ ಗುಪ್ತ ಅವರು ಸಲ್ಲಿಸಿದ್ದ ಅರ್ಜಿಯಲ್ಲಿ ಸರ್ವೋಚ್ಚ ನ್ಯಾಯಾಲಯವು 2023ರ ಏಪ್ರಿಲ್ 5ರಂದು ತೀರ್ಪು ನೀಡಿ, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರ ಆರೋಗ್ಯ ಸಚಿವಾಲಯದ 2022ರ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಅಳವಡಿಸಿಕೊಳ್ಳಬೇಕೆಂದು ಆದೇಶಿಸಿತು. ರಾಷ್ಟ್ರ, ರಾಜ್ಯ, ಜಿಲ್ಲಾ ಮಟ್ಟದ ನಿಗಾ ಸಮಿತಿಗಳು ಆ ಮಾರ್ಗಸೂಚಿಯ ಭಾಗ.

ಗರ್ಭಕೋಶವನ್ನು ಮಾತ್ರ ತೆಗೆದರೆ ಮುಟ್ಟು ನಿಲ್ಲುತ್ತದೆ, ಆದರೆ ಅಂಡಾಶಯಗಳು ಹಾರ್ಮೋನು ಉತ್ಪಾದಿಸುತ್ತಲೇ ಇರುತ್ತವೆ; ಅವು ಕೆಲವೊಮ್ಮೆ ಒಂದೆರಡು ವರ್ಷ ಬೇಗನೆ ನಿಲ್ಲಬಹುದು. ಎರಡೂ ಅಂಡಾಶಯಗಳನ್ನು ಜೊತೆಗೆ ತೆಗೆದರೆ ಋತುಬಂಧವು ಕೆಲವೇ ದಿನಗಳಲ್ಲಿ ಪೂರ್ಣವಾಗಿ ಬಂದೆರಗುತ್ತದೆ, ಲಕ್ಷಣಗಳೂ ಸಹಜ ಋತುಬಂಧಕ್ಕಿಂತ ತೀವ್ರ. ‘ಗರ್ಭಕೋಶದ ಆಪರೇಷನ್ ಆಗಿದೆ’ ಎಂದಷ್ಟೇ ತಿಳಿದಿರುವ ಮಹಿಳೆಗೆ ತನ್ನ ಅಂಡಾಶಯಗಳು ಉಳಿದಿವೆಯೋ ಇಲ್ಲವೋ ಎಂಬುದು ಗೊತ್ತಿರುವುದಿಲ್ಲ. ಹೃದಯ, ಮೂಳೆಗಳ ಮುಂದಿನ ಮೂವತ್ತು ವರ್ಷಗಳ ಸ್ಥಿತಿ ಆ ಒಂದು ಉತ್ತರದ ಮೇಲೆ ನಿಂತಿದೆ.

ಉದಾಹರಣೆಗೆ, ಮಾಗಡಿ ರಸ್ತೆಯ ತಾವರೆಕೆರೆ ಕಡೆಯ 38 ವರ್ಷದ ಮಹಿಳೆಯೊಬ್ಬರಿಗೆ ಮುಟ್ಟಿನಲ್ಲಿ ಅತಿ ಸ್ರಾವವಿದೆ ಎಂದು ಭಾವಿಸಬಹುದು. ಆಕೆ ಬಸ್ಸು ಹತ್ತಿ ಅನ್ನಪೂರ್ಣೇಶ್ವರಿ ನಗರದಂಥ ಬಡಾವಣೆಯ ನರ್ಸಿಂಗ್ ಹೋಮಿಗೆ ಬರುತ್ತಾರೆ. ಮಕ್ಕಳಾಗಿವೆ, ಇನ್ನೇಕೆ ಗರ್ಭಕೋಶ ಎಂದು ಮನೆಯವರೇ ಮೊದಲು ಹೇಳುವುದುಂಟು. ತಪ್ಪು ಯಾವಾಗಲೂ ಆಸ್ಪತ್ರೆಯದೇ ಅಲ್ಲ. ಅತಿ ಸ್ರಾವಕ್ಕೆ ಮಾತ್ರೆಯಿದೆ, ಗರ್ಭಕೋಶದೊಳಗೆ ಇಡುವ ಹಾರ್ಮೋನು ಸಾಧನವಿದೆ, ಗಡ್ಡೆಯನ್ನು ಮಾತ್ರ ತೆಗೆಯುವ ವಿಧಾನವಿದೆ. ಎರಡನೆಯ ವೈದ್ಯರ ಅಭಿಪ್ರಾಯ ಪಡೆಯಲು ಸರ್ಕಾರದ ವಾಣಿವಿಲಾಸ ಆಸ್ಪತ್ರೆ ಬೆಂಗಳೂರಿನಲ್ಲಿಯೇ ಇದೆ. ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ದುಡಿಯುವ, ವಿಮೆ ಕಾರ್ಡ್ ಇರುವ ಮಹಿಳೆಗೆ ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯಿದೆ. ಕ್ಯಾನ್ಸರ್, ನಿಲ್ಲದ ರಕ್ತಸ್ರಾವದಂಥ ಸ್ಥಿತಿಗಳಲ್ಲಿ ಶಸ್ತ್ರಚಿಕಿತ್ಸೆ ಜೀವ ಉಳಿಸುತ್ತದೆ. ಅಲ್ಲಿ ತಡಮಾಡಲೂ ಬಾರದು.

ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಮತ್ತೆ ರಕ್ತ ಕಂಡರೆ, ಒಂದು ಹನಿಯಾದರೂ, ಅದನ್ನು ‘ಮುಟ್ಟು ಮರಳಿತು’ ಎಂದು ಸುಮ್ಮನಿರಬಾರದು. ಗರ್ಭಕೋಶದ ಅಥವಾ ಅದರ ಕೊರಳಿನ ಕ್ಯಾನ್ಸರಿನ ಮೊದಲ ಸೂಚನೆ ಅದಾಗಿರಬಹುದು. ಹಾರ್ಮೋನು ತೆಗೆದುಕೊಳ್ಳುತ್ತಿರುವವರಿಗೂ ಇದು ಅನ್ವಯಿಸುತ್ತದೆ.

ಪಂಚಾಯಿತಿಯ ಮಟ್ಟದಲ್ಲಿ

ಔಷಧ ಸೂಚಿಸುವುದು ಸದಸ್ಯರ ಕೆಲಸವಲ್ಲ, ಆಶಾ ಕಾರ್ಯಕರ್ತೆಯರದೂ ಅಲ್ಲ. ಮಾತನಾಡಲು ಜಾಗ ಕೊಡುವುದು ಪಂಚಾಯಿತಿಯಿಂದ ಸಾಧ್ಯ. ವಾರ್ಡ್ ಸಭೆಯಲ್ಲಿ ಪುರುಷರ ನಡುವೆ ಈ ವಿಷಯ ಏಳುವುದಿಲ್ಲ. ಮಹಿಳಾ ಗ್ರಾಮ ಸಭೆಯಲ್ಲಿ ಏಳಬಹುದು. ಆ ದಿನ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯನ್ನು, ಸಾಧ್ಯವಾದರೆ ತಾಲ್ಲೂಕು ಆಸ್ಪತ್ರೆಯ ಸ್ತ್ರೀರೋಗ ತಜ್ಞರನ್ನು ಒಂದು ಗಂಟೆಗೆ ಆಹ್ವಾನಿಸಿದರೆ ಸಾಕು. ಮಹಿಳಾ ಸದಸ್ಯರು ಅರ್ಧದಷ್ಟಿರುವ ಪಂಚಾಯಿತಿಗಳಲ್ಲಿ ಇದನ್ನು ಆರಂಭಿಸಲು ಯಾವ ಮಂಜೂರಾತಿಯೂ ಬೇಡ. ಕೆಲವು ಸದಸ್ಯೆಯರು ತಮ್ಮದೇ ಅನುಭವದಿಂದ ಮಾತು ತೆಗೆದರೆ ಉಳಿದವರ ಸಂಕೋಚ ಬಿಡುತ್ತದೆ.

ಗ್ರಾಮ ಪಂಚಾಯಿತಿ ಆರೋಗ್ಯ ಅಮೃತ ಅಭಿಯಾನದಡಿ ಪಂಚಾಯಿತಿಗಳಿಗೆ ಬಂದಿರುವ ಆರೋಗ್ಯ ಕಿಟ್‌ನಿಂದ ರಕ್ತದೊತ್ತಡ, ಸಕ್ಕರೆ, ತೂಕ ನೋಡಬಹುದು. ಹಾರ್ಮೋನ್ ಚಿಕಿತ್ಸೆಗೆ ಮುನ್ನ ವೈದ್ಯರು ಕೇಳುವ ಮೊದಲ ಅಂಕಿಗಳಲ್ಲಿ ಇವೂ ಸೇರಿವೆ. 45 ದಾಟಿದ ಮಹಿಳೆಯರ ತಪಾಸಣೆಯ ದಿನ ಮುಟ್ಟು ಯಾವಾಗ ನಿಂತಿತು ಎಂಬ ಒಂದು ಪ್ರಶ್ನೆಯನ್ನು ಸೇರಿಸಲು ಖರ್ಚಿಲ್ಲ. ಉತ್ತರ ‘ಮೂವತ್ತಾರಕ್ಕೆ’ ಎಂದು ಬಂದರೆ ಆ ಹೆಸರು ವೈದ್ಯಾಧಿಕಾರಿಯ ಕೈಸೇರಬೇಕು. ಇದು ಮಹಿಳೆಯ ಖಾಸಗಿ ವಿಷಯ. ಸಭೆಯಲ್ಲಿ ಓದುವ ಪಟ್ಟಿಯಾಗಿ, ನೋಟೀಸು ಫಲಕದ ಹಾಳೆಯಾಗಿ ಇದು ಎಂದೂ ಬದಲಾಗಕೂಡದು.

ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ಗರ್ಭಕೋಶ ಶಸ್ತ್ರಚಿಕಿತ್ಸೆಯ ಕುರಿತು ಮಹಿಳೆಯರಿಗೆ ಮುಂಚಿತವಾಗಿ ಹೇಳಿಕೊಡಬೇಕಾದ ಪ್ರಶ್ನೆಗಳನ್ನು ಓದಿ ಹೇಳಬೇಕು. ಕಾಯಿಲೆಯ ಹೆಸರೇನು? ಔಷಧದಿಂದ ವಾಸಿಯಾಗುವುದಿಲ್ಲವೆ? ಅಂಡಾಶಯಗಳನ್ನೂ ತೆಗೆಯುತ್ತೀರಾ, ಏಕೆ? ತೆಗೆದರೆ ಮುಂದೆ ಹಾರ್ಮೋನು ಬೇಕಾಗುತ್ತದೆಯೆ, ಎಷ್ಟು ವರ್ಷ? ಸಹಿ ಹಾಕುವ ಒಪ್ಪಿಗೆ ಪತ್ರವು ಕನ್ನಡದಲ್ಲಿದೆಯೆ? ಆಸ್ಪತ್ರೆಯಿಂದ ಹೊರಡುವಾಗ ಬಿಡುಗಡೆ ಸಾರಾಂಶವನ್ನೂ ತೆಗೆದ ಅಂಗದ ಪರೀಕ್ಷಾ ವರದಿಯನ್ನೂ ಪಡೆದು, ರೇಷನ್ ಕಾರ್ಡಿನೊಡನೆ ಜೋಪಾನವಾಗಿ ಇಟ್ಟುಕೊಳ್ಳುವಂತೆ ಹೇಳಬೇಕು. ಆಗಲೇ ಶಸ್ತ್ರಚಿಕಿತ್ಸೆ ಆಗಿ, ಕಾಗದ ಕಳೆದುಹೋಗಿರುವವರು ಆ ಆಸ್ಪತ್ರೆಗೆ ಅರ್ಜಿ ಬರೆದು ನಕಲು ಕೇಳಬಹುದು. ಬರೆಯಲು ಬಾರದವರಿಗೆ ಪಂಚಾಯಿತಿ ಕಚೇರಿಯಲ್ಲಿ ಅರ್ಜಿ ಬರೆದುಕೊಡುವ ವ್ಯವಸ್ಥೆಯಾಗಬೇಕು. ನಕಲು ಕೈಗೆ ಬಂದ ಮೇಲೆ ಅದನ್ನು ಹಿಡಿದು ತಾಲ್ಲೂಕು ಆಸ್ಪತ್ರೆಯ ಸ್ತ್ರೀರೋಗ ತಜ್ಞರನ್ನು ಕಾಣುವಾಗ ಆಶಾ ಕಾರ್ಯಕರ್ತೆಯೊಬ್ಬರು ಜೊತೆಗಿದ್ದರೆ ಒಳಿತು.